ಉಳುಕು, ಎಣ್ಣೆ ಮತ್ತು ಬೆರಳ ತುದಿ

ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ರೇಷ್ಮೆಗೂಡು ನೂಲಾಗುವುದು ಬಿಸಿನೀರಿನ ಮುಂದೆ ಕುಳಿತವರ ಕೈಗಳಲ್ಲಿ. ಚರಕದ ಹಿಡಿಯನ್ನು ದಿನವಿಡೀ ತಿರುಗಿಸುವವರು, ಚನ್ನಪಟ್ಟಣದಲ್ಲಿ ಆಲೆಮರದ ತುಂಡಿಗೆ ಉಳಿ ಹಿಡಿಯುವವರು, ಕನಕಪುರದ ಕಡೆ ಕಲ್ಲು ಒಡೆಯುವವರು, ಮಾಗಡಿಯ ಹೊಲಗಳಲ್ಲಿ ರಾಗಿ ಕೊಯ್ಯುವವರು: ಇವರೆಲ್ಲರಿಗೂ ಮೊಣಕೈ ಸೆಳೆತ, ಮಣಿಕಟ್ಟಿನ ನೋವು, ಭುಜದ ಹಿಡಿತ ಹೊಸತಲ್ಲ. ದಿನಗೂಲಿಯ ಮನೆಯಲ್ಲಿ ಬಲಗೈ ಒಂದು ವಾರ ಸುಮ್ಮನಾದರೆ ಒಲೆಯೂ ಸುಮ್ಮನಾಗುತ್ತದೆ.

ಹೀಗಾದಾಗ ನಮ್ಮ ಕುಟುಂಬಗಳು ಮೊದಲು ನೆನೆಯುವುದು ಉಳುಕು ತೆಗೆಯುವವರನ್ನು. ಎಣ್ಣೆ ಕಾಯಿಸಿ ನೀವುವ ಆ ಹಿರಿಯರನ್ನು ಹೀಗಳೆಯುವ ಇಚ್ಛೆ ನಮಗಿಲ್ಲ. ಮುಟ್ಟಿ ಸಂತೈಸುವ ಕೈಗೆ ತನ್ನದೇ ಗುಣವಿದೆ. ಆದರೆ ಘರ್ಷಣ ಮರ್ದನವೆಂಬ ವೈದ್ಯಪದ್ಧತಿಯ ದಾರಿ ಬೇರೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯ ಜೇಮ್ಸ್ ಸಿರಿಯಾಕ್ಸ್ (1904–1985) ಇದನ್ನು ಪ್ರಸಿದ್ಧಿಗೆ ತಂದವರು. ಎಲುಬಿಗೆ ಸ್ನಾಯುವನ್ನು ಬಿಗಿಯುವ ಕಂಡರದಲ್ಲಿ ನೋಯುವ ಬಿಂದುವನ್ನು ಕರಾರುವಾಕ್ಕಾಗಿ ಹುಡುಕಿ, ಎಳೆಗಳ ಉದ್ದಕ್ಕಲ್ಲ, ಅಡ್ಡಕ್ಕೆ ಬೆರಳಿನಿಂದ ಒತ್ತಿ ಉಜ್ಜಬೇಕು. ಚನ್ನಪಟ್ಟಣದವರಿಗೆ ಘರ್ಷಣೆಯನ್ನು ನಾವು ವಿವರಿಸಬೇಕಿಲ್ಲ; ತಿರುಗುವ ಮರಕ್ಕೆ ಒತ್ತಿದ ಅರಗು ಕರಗಿ ಹತ್ತುವುದು ಘರ್ಷಣೆಯ ಬಿಸಿಯಿಂದಲೇ. ಇಲ್ಲಿ ಮಾತ್ರ ಬೆರಳು ಚರ್ಮದ ಮೇಲೆ ಜಾರಕೂಡದು. ಚರ್ಮವೂ ಬೆರಳೂ ಒಂದಾಗಿ ಚಲಿಸಬೇಕು, ಘರ್ಷಣೆ ಒಳಗಿನ ಎಳೆಗಳಲ್ಲಿ ನಡೆಯಬೇಕು. ಆದಕಾರಣ ಎಣ್ಣೆ ನಿಷಿದ್ಧ! ನಮ್ಮ ಅಜ್ಜಿಯಂದಿರು ಇದನ್ನು ಸುಲಭವಾಗಿ ಒಪ್ಪಲಾರರು.

ಗಾಯ ಮಾಯುವಾಗ ಅಂಟಿಕೊಂಡ ಎಳೆಗಳು ಇದರಿಂದ ಬಿಡಿಸಿಕೊಳ್ಳುತ್ತವೆಂದು ಸಿರಿಯಾಕ್ಸ್ ಭಾವಿಸಿದ್ದರು. ಉಜ್ಜಿದ ಕೆಲವು ನಿಮಿಷಗಳಲ್ಲಿ ಆ ಜಾಗ ಜೋಮು ಹಿಡಿದು ನೋವು ತಗ್ಗುವುದೂ ಉಂಟು. ಆದರೆ ತತ್ತ್ವಶಾಸ್ತ್ರ ಓದಿದವರಿಗೆ ಒಂದು ಶಂಕೆ ಬಾರದಿರದು: ನೀವಿದ ಮೇಲೆ ನೋವು ಹೋಯಿತು, ಆದ್ದರಿಂದ ನೀವಿದ್ದರಿಂದಲೇ ಹೋಯಿತು ಎಂಬುದು ತರ್ಕವೇ? ಮೊಣಕೈಯ ಈ ಬೇನೆ ಬಹುಪಾಲು ಜನರಲ್ಲಿ ವರ್ಷದೊಳಗೆ ತಾನಾಗಿಯೇ ಶಮನವಾಗುತ್ತದೆ. 2014ರಲ್ಲಿ ಪ್ರಕಟವಾದ ಕೊಕ್ರೇನ್ ಪರಿಶೀಲನೆಗೆ ಮೊಣಕೈ ಮತ್ತು ಮಂಡಿಯ ಕಂಡರಗಳ ಬಗ್ಗೆ ಸಿಕ್ಕಿದ ಯೋಗ್ಯ ಪ್ರಯೋಗಗಳು ಎರಡೇ, ರೋಗಿಗಳು 57 ಮಂದಿ. ಪ್ರಯೋಜನವಿದೆಯೆಂದಾಗಲಿ ಇಲ್ಲವೆಂದಾಗಲಿ ನಿರ್ಣಯಿಸಲು ಅದು ಸಾಲದೆಂದೇ ಅಲ್ಲಿನ ತೀರ್ಪು.

ಫಲ ಸಂದಿಗ್ಧವಾದರೂ ಅಪಾಯಗಳು ಸ್ಪಷ್ಟ. ಆಗತಾನೆ ಉಳುಕಿ ಊದಿದ ಪಾದವನ್ನು ಬಲವಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚೀತು. ಅಂಥ ಪಾದದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಇಲ್ಲವೇ ಗುಲ್ಫದ ಎಲುಬನ್ನೇ ಮುಟ್ಟಿದಾಗ ನೋವಾದರೆ, ಮೊದಲು ಎಕ್ಸ್-ರೇ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಸೋಂಕು ತಗುಲಿದವರು ಈ ಚಿಕಿತ್ಸೆಗೆ ಸಲ್ಲರು. ಒಂದೇ ಕಾಲಿನ ಮೀನಖಂಡ ಊದಿ, ಬೆಚ್ಚಗಾಗಿ ನೋಯುತ್ತಿದ್ದರೆ ಅದು ಉಳುಕೇ ಆಗಿರಬೇಕೆಂದಿಲ್ಲ, ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಗರಣೆ ಕದಲಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ತಂದೀತು. ಮನೆಯ ಹಿರಿಯರು ಇದೊಂದನ್ನು ಅಗತ್ಯವಾಗಿ ನೆನಪಿಡಬೇಕು.

ಇಂದಿನ ಫಿಸಿಯೋಥೆರಪಿಸ್ಟರು ಉಜ್ಜುವುದಕ್ಕಿಂತ ಹೆಚ್ಚು ನೆಚ್ಚುವುದು ವ್ಯಾಯಾಮವನ್ನು. ನೋವು ಮಿತಿಮೀರದಂತೆ ಹಗುರ ತೂಕ ಹಿಡಿದು ಮಣಿಕಟ್ಟನ್ನು ಮೆಲ್ಲನೆ ಏರಿಸಿ ಇಳಿಸುವುದು, ವಾರಗಳು ಕಳೆದಂತೆ ಭಾರ ಹೆಚ್ಚಿಸುವುದು. ಚರಕದ ಮುಂದೆ ಇಬ್ಬರಿರುವ ಮನೆಗಳಲ್ಲಿ ಹಿಡಿಯನ್ನು ಸರದಿಯಂತೆ ತಿರುಗಿಸಬಹುದು. ಅದಕ್ಕೆ ಖರ್ಚೂ ಇಲ್ಲ.