ಜ್ವರಕ್ಕೆ ಕೂತ ಹುಳು, ಮೂರು ನುಡಿಯ ಪಾಠ

ಪೊರೆ ಕಳಚುವ ಮುನ್ನ ರೇಷ್ಮೆಹುಳು ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ರೈತರ ಬಾಯಲ್ಲಿ ಅದು ‘ಜ್ವರಕ್ಕೆ ಕೂತಿದೆ’. ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಜ್ವರ. ಆಗ ಸೊಪ್ಪು ಹಾಕಬಾರದು, ಹಾಸು ಒಣಗಿರಬೇಕು. ತರಬೇತಿ ಕೊಡಲು ಬಂದವರು ಬೋರ್ಡಿನ ಮೇಲೆ ‘ನಿರ್ಮೋಚನೆ’ ಎಂದು ಬರೆದರೆ ಕೇಳುವವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ‘ಜ್ವರ ಬಂದವರಿಗೆ ಹಬ್ಬದೂಟ ಬಡಿಸ್ತೀರಾ?’ ಅಂದರೆ ಅರ್ಧ ಪಾಠ ಮುಗಿದಂತೆ.

ರೇಷ್ಮೆಯ ಪಾಠ ನಮ್ಮಲ್ಲಿಗೆ ಹೊರಗಿನಿಂದ ಬಂದದ್ದು ಹೊಸದೇನಲ್ಲ. ಜೆ.ಎನ್. ಟಾಟಾ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಜಪಾನಿ ತಜ್ಞರನ್ನು ಬೆಂಗಳೂರಿಗೆ ಕರೆಸಿದ್ದರು. ಬಸವನಗುಡಿ ಬಳಿಯ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಅದರ ಗುರುತು. ಮತ್ತೆ 1991ರಿಂದ 2007ರವರೆಗೆ ಜಪಾನಿನ ಜೈಕಾ ಸಂಸ್ಥೆ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ನಿಂತು ಬಿಳಿ ಗೂಡಿನ ದ್ವಿತಳಿ (ಬೈವೋಲ್ಟೀನ್) ಹುಳುವಿನ ಸಾಕಣೆ ಕಲಿಸಿತು. ದ್ವಿತಳಿ ನಾಜೂಕಿನದು, ಬಿಸಿಲು ತಡೆಯದು, ರೋಗಕ್ಕೆ ಬೇಗ ಬಲಿ. ಹಾಗಾಗಿ ಹುಳುವಿಗೇ ಬೇರೆ ಮನೆ, ಬ್ಲೀಚಿಂಗ್ ಪುಡಿ, ಬಾಗಿಲಲ್ಲಿ ಕಾಲು ತೊಳೆಯುವ ಕಟ್ಟುಪಾಡು.

ಚಪ್ಪಲಿ ಹೊರಗೆ ಬಿಡುವುದು ಜಪಾನಿಯರಿಗೂ ಗೊತ್ತು, ನಮಗೂ ಗೊತ್ತು. ಕಷ್ಟ ಇರುವುದು ಬಂದ ನೆಂಟರನ್ನು ‘ಒಳಗೆ ಬರಬೇಡಿ’ ಅನ್ನುವುದರಲ್ಲಿ. ಆ ಮಾತನ್ನು ಮುನಿಸಿಲ್ಲದೆ ಆಡುವುದು ಹೇಗೆಂದು ಯಾವ ಕೈಪಿಡಿ ಹೇಳಿಕೊಡುತ್ತದೆ?

ಭಾಷೆಯ ತೊಡಕು ಬೇರೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಗಡಿನಾಡು: ಗೌರಿಬಿದನೂರಿನ ಆಚೆ ಆಂಧ್ರದ ಹಿಂದೂಪುರ, ಚಿಂತಾಮಣಿಯ ಆಚೆ ಮದನಪಲ್ಲಿ. ಇಲ್ಲಿನ ಸಂತಕವಿ ಕೈವಾರದ ತಾತಯ್ಯನವರೇ ಕನ್ನಡ, ತೆಲುಗು ಎರಡರಲ್ಲೂ ಹಾಡಿದವರು. ಎಷ್ಟೋ ರೈತರ ಮನೆಮಾತು ತೆಲುಗು, ಇಲಾಖೆಯ ಕಾಗದ ಕನ್ನಡ, ಗೂಡಿನಿಂದ ನೂಲು ಬಿಚ್ಚುವ ಶಿಡ್ಲಘಟ್ಟದ ಅನೇಕ ರೀಲರುಗಳದು ದಖನಿ ಉರ್ದು. ಗೂಡಿನ ಮಾರುಕಟ್ಟೆಯಲ್ಲಿ ಮೂರೂ ಒಂದೇ ಉಸಿರಿನಲ್ಲಿ ಓಡಾಡುತ್ತವೆ. ಅಲ್ಲಿ ಯಾರಿಗೂ ದುಭಾಷಿ ಬೇಕಿಲ್ಲ. ತರಬೇತಿಯ ಸಭಾಂಗಣಕ್ಕೆ ಬಂದಾಗಲೇ ಬಾಯಿ ಕಟ್ಟುವುದು.

ನನ್ನ ಕೇಳಿದರೆ ಪಾಠವನ್ನು ರೀಲಿಂಗ್ ಘಟಕದಲ್ಲೇ ಇಡಬೇಕು. ರೈತ ಗೂಡನ್ನು ನೋಡುವುದು ತೂಕದಲ್ಲಿ. ರೀಲರ್ ಅದನ್ನು ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಾನೆ. ಇಬ್ಬರಿಗೂ ಇನ್ನೊಬ್ಬ ಮೋಸ ಮಾಡುತ್ತಾನೆಂಬ ಗುಮಾನಿ. ಬಿಸಿನೀರಿನ ಬೇಸಿನ್ ಮುಂದೆ ಅರ್ಧ ದಿನ ಕೂತರೆ ರೈತನಿಗೆ ಕಾಣುತ್ತದೆ: ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಎರಡು ದಿನ ಮೊದಲೇ ಅವಸರದಲ್ಲಿ ಬಿಡಿಸಿದ ಗೂಡು, ಒಳಗೆ ಒಡೆದ ಎಳೆ ಕೋಶದ ಕಲೆ, ಹಿಡಿದಷ್ಟಕ್ಕೂ ತುಂಡಾಗುವ ನೂಲು, ಅದನ್ನು ಸುಕ್ಕುಗಟ್ಟಿದ ಬೆರಳಲ್ಲಿ ಮತ್ತೆ ಮತ್ತೆ ಎತ್ತಿ ಜೋಡಿಸುವ ಹೆಂಗಸು.