ಸಣ್ಣ ಹಿಡುವಳಿಯ ಜಮಾ-ಖರ್ಚು: ಬರದ ವರ್ಷವನ್ನು ದಾಟುವುದು ಹೇಗೆ?



ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತನ್ನು ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಯಲ್ಲಿ ಕೇಳದವರಿಲ್ಲ. ಈ ಮಾತಿನಲ್ಲಿ ‘ಬೆಳೆದರೆ’ ಎಂಬ ಶಬ್ದವೇ ಮುಖ್ಯವಾದುದು. ಬೆಳೆದ ವರ್ಷ ಏನು ಮಾಡಬೇಕೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳೆಯದ ವರ್ಷ ಹೊಲ, ಎತ್ತು, ಮನೆ ಈ ಮೂರನ್ನೂ ಉಳಿಸಿಕೊಳ್ಳುವುದು ಹೇಗೆ ಎಂಬುದೇ ನಾಲ್ಕೈದು ಎಕರೆಯ ರೈತನ ನಿಜವಾದ ಪ್ರಶ್ನೆ. ಹೂವಿನ ಹಿಪ್ಪರಗಿ ಹೋಬಳಿಯಂಥ ಎರೆಭೂಮಿಯ ಒಣಬೇಸಾಯವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಚರ್ಚಿಸಲಾಗಿದೆ.

ಹಿಡುವಳಿ ಸಣ್ಣದು, ಮಳೆ ಅನಿಶ್ಚಿತ

2010-11ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 1.55 ಹೆಕ್ಟೇರ್ ಇತ್ತು. 2015-16ರ ಗಣತಿಯಲ್ಲಿ ಅದು 1.36 ಹೆಕ್ಟೇರಿಗೆ, ಅಂದರೆ ಸುಮಾರು 3 ಎಕರೆ 14 ಗುಂಟೆಗೆ ಇಳಿಯಿತು. ಅಣ್ಣತಮ್ಮಂದಿರು ಪಾಲಾದಂತೆ ಹೊಲ ಸಣ್ಣದಾಗುತ್ತದೆ. ಆದರೆ ಎತ್ತಿನ ಮೇವು, ಮಕ್ಕಳ ಶಾಲೆ, ದವಾಖಾನೆ, ಮದುವೆ ಇವುಗಳ ಖರ್ಚು ಪಾಲಾಗುವುದಿಲ್ಲ; ಪ್ರತಿ ಮನೆಗೂ ಪೂರ್ತಿಯಾಗಿಯೇ ಬರುತ್ತದೆ.

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾಗುತ್ತದೆ. ಅದರಲ್ಲಿಯೂ ಸಪ್ಟೆಂಬರ್ ತಿಂಗಳ ಮಳೆಯನ್ನೇ ಹಿಂಗಾರಿ ನಂಬಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಬರವು ಈ ಸೀಮೆಗೆ ಅಪರೂಪದ ಅತಿಥಿಯಲ್ಲ; ಆಗಾಗ ಬಂದೇ ಬರುವ ನೆಂಟ. ಆದುದರಿಂದ ಒಳ್ಳೆಯ ವರ್ಷದ ಬೆಳೆಯನ್ನು ನಂಬಿ ಖರ್ಚಿನ ಲೆಕ್ಕ ಹಾಕುವುದು ಸರಿಯಲ್ಲ. ಮೂರು ವರ್ಷಗಳ ಲೆಕ್ಕವನ್ನು ಒಟ್ಟಿಗೆ ಹಾಕಬೇಕು.

ಮೂರು ವರ್ಷದ ಲೆಕ್ಕ

ತಿಳಿವಳಿಕೆಗಾಗಿ ಐದು ಎಕರೆಯ ಒಂದು ಹೊಲವನ್ನು ತೆಗೆದುಕೊಳ್ಳೋಣ. ಮೂರು ಎಕರೆ ತೊಗರಿ, ಎರಡು ಎಕರೆ ಹಿಂಗಾರಿ ಜೋಳ. ಕೆಳಗಿನ ಅಂಕಿಗಳು ಮಾದರಿ ಮಾತ್ರ. ಅವುಗಳ ಜಾಗದಲ್ಲಿ ನಿಮ್ಮ ಹೊಲದ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿರಿ.

ತೊಗರಿಗೆ ಹರಗುವುದು, ಬೀಜ, ಗೊಬ್ಬರ, ಔಷಧ, ಕಳೆ, ಕೊಯ್ಲು, ರಾಶಿ ಎಲ್ಲ ಸೇರಿ ಎಕರೆಗೆ 13,000 ರೂ. ರೊಕ್ಕ ಹೋದರೆ ಮೂರು ಎಕರೆಗೆ 39,000 ರೂ. ಜೋಳಕ್ಕೆ ಎಕರೆಗೆ 9,000 ರೂ. ಹಿಡಿದರೆ ಎರಡು ಎಕರೆಗೆ 18,000 ರೂ. ಒಟ್ಟು ಖರ್ಚು 57,000 ರೂ. ಮನೆಯವರ ದುಡಿಮೆಗೆ ಇಲ್ಲಿ ಕೂಲಿ ಹಿಡಿದಿಲ್ಲ.

ಒಳ್ಳೆಯ ವರ್ಷ: ತೊಗರಿ ಎಕರೆಗೆ 4 ಕ್ವಿಂಟಲಿನಂತೆ 12 ಕ್ವಿಂಟಲ್. 7,000 ರೂ. ದರದಲ್ಲಿ 84,000 ರೂ. ಜೋಳ ಒಟ್ಟು 10 ಕ್ವಿಂಟಲ್. ಅದರಲ್ಲಿ 6 ಕ್ವಿಂಟಲ್ ಮನೆಗೆ, ಉಳಿದ 4 ಕ್ವಿಂಟಲಿಗೆ 3,000 ರೂ. ದರದಲ್ಲಿ 12,000 ರೂ. ಕಣಿಕೆ ದನಗಳಿಗೆ. ಒಟ್ಟು ಬಂದದ್ದು 96,000 ರೂ. ಖರ್ಚು ಕಳೆದು ಉಳಿದದ್ದು 39,000 ರೂ.

ಕೆಟ್ಟ ವರ್ಷ: ತೊಗರಿ ಎಕರೆಗೆ ಒಂದೂವರೆ ಕ್ವಿಂಟಲಿನಂತೆ ನಾಲ್ಕೂವರೆ ಕ್ವಿಂಟಲ್; ಬಂದದ್ದು 31,500 ರೂ. ಜೋಳ 6 ಕ್ವಿಂಟಲ್ ಬಂದರೆ ಅದು ಮನೆಗೇ ಸರಿ. ಕೊಯ್ಲಿನ ಖರ್ಚು ಕಡಿಮೆಯಾಗಿ ಒಟ್ಟು ಖರ್ಚು 50,000 ರೂ. ಆದರೂ 18,500 ರೂ. ಕೈಯಿಂದ ಹೋಗುತ್ತದೆ.

ಎರಡು ಒಳ್ಳೆಯ ವರ್ಷ, ಒಂದು ಕೆಟ್ಟ ವರ್ಷ ಎಂದು ಹಿಡಿದರೆ ಮೂರು ವರ್ಷಕ್ಕೆ ಉಳಿಯುವುದು 59,500 ರೂ. ವರ್ಷಕ್ಕೆ ಸುಮಾರು 19,800 ರೂ., ತಿಂಗಳಿಗೆ 1,650 ರೂ. ಆ ಹೊಲದ ನಿಜವಾದ ಶಕ್ತಿ ಇಷ್ಟೇ. ಒಳ್ಳೆಯ ವರ್ಷದ 39,000 ರೂಪಾಯಿ ನೋಡಿ ಹೊಸ ಸಾಲ ಮಾಡುವವನು ಮೂರನೆಯ ವರ್ಷ ತೊಂದರೆಗೆ ಸಿಕ್ಕುತ್ತಾನೆ. ಒಳ್ಳೆಯ ವರ್ಷದ ಉಳಿತಾಯದಲ್ಲಿ ಅರ್ಧದಷ್ಟಾದರೂ ಕೆಟ್ಟ ವರ್ಷದ ಪಾಲೆಂದು ತಿಳಿದು ಬೇರೆ ಇಡಬೇಕು.

ಯಾವ ಸಾಲ, ಎಷ್ಟು ಬಡ್ಡಿ?

ಇದೇ ಹೊಲದ ಮೇಲೆ 50,000 ರೂ. ಕೈಸಾಲ ತಂದಿರೆಂದು ಇಟ್ಟುಕೊಳ್ಳಿರಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಾದರೆ ವರ್ಷಕ್ಕೆ 18,000 ರೂ. ಬಡ್ಡಿಗೇ ಹೋಯಿತು. ಹೊಲ ಕೊಡುವ ಸರಾಸರಿ ಉಳಿತಾಯ 19,800 ರೂ. ವರ್ಷವಿಡೀ ಮನೆಮಂದಿ ದುಡಿದದ್ದು ಬಡ್ಡಿಗೆ ಸಂದು, ಅಸಲು ಇದ್ದಲ್ಲೇ ಇರುತ್ತದೆ. ಇಂಥ ಸಾಲವನ್ನು ಯಾವ ಹೊಸ ತಳಿಯೂ ತೀರಿಸಲಾರದು.

ಅಷ್ಟೇ ಹಣವನ್ನು ಬ್ಯಾಂಕಿನಿಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವಾಗಿ ಪಡೆದರೆ ಬಡ್ಡಿ ಶೇ. 7. ಗಡುವಿನೊಳಗೆ ಕಟ್ಟಿದರೆ ಶೇ. 4 ಮಾತ್ರ, ಅಂದರೆ ವರ್ಷಕ್ಕೆ 2,000 ರೂ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಅಲ್ಪಾವಧಿ ಸಾಲಕ್ಕೆ, ಗಡುವು ಮೀರದಿದ್ದರೆ, ಬಡ್ಡಿಯೇ ಇಲ್ಲ. ಈ ಬಡ್ಡಿರಹಿತ ಸಾಲದ ಮಿತಿಯನ್ನು ರಾಜ್ಯ ಸರಕಾರ 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ನಿಮಗೆ ಸಿಗುವ ಮೊತ್ತ ಮಾತ್ರ ಬೆಳೆ ಮತ್ತು ಎಕರೆಯ ಮೇಲೆ ನಿರ್ಧಾರವಾಗುತ್ತದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಂಘವನ್ನು ಕಟ್ಟಿದ್ದು ರೈತನನ್ನು ಕೈಸಾಲದ ಬಡ್ಡಿಯಿಂದ ಬಿಡಿಸುವುದಕ್ಕಾಗಿಯೇ. ಆದುದರಿಂದ ಸಂಘದ ಸದಸ್ಯತ್ವವನ್ನು ಬಿಡಬೇಡಿರಿ.

ಸಾಲದ ವಿಷಯದಲ್ಲಿ ಕೆಳಗಿನ ನಾಲ್ಕು ಮಾತುಗಳನ್ನು ಲಕ್ಷ್ಯದಲ್ಲಿಡಬೇಕು.

1. ಕೈಗೆ ಹಣ ಬಂದಾಗ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಿರಿ. ಆದರೆ ಬೆಳೆಸಾಲದ ಗಡುವನ್ನು ಮೀರಬೇಡಿರಿ. ಮೀರಿದರೆ ಬಡ್ಡಿಯ ರಿಯಾಯಿತಿ ತಪ್ಪುತ್ತದೆ.

2. ಗಡುವಿನ ದಿನ ಕೈಗಡ ತಂದು ಕಟ್ಟಿ, ಸಾಲವನ್ನು ಮರಳಿ ಎತ್ತುವ ರೂಢಿಯಿದೆ. ಆ ಕೈಗಡಕ್ಕೆ ಕೊಡುವ ಬಡ್ಡಿಯನ್ನೂ ಬೆಳೆಸಾಲದ ಖರ್ಚಿನಲ್ಲಿಯೇ ಬರೆಯಿರಿ. ಆಗ ಅಗ್ಗದ ಸಾಲ ಎಷ್ಟಕ್ಕೆ ಬಿತ್ತೆಂಬುದು ತಿಳಿಯುತ್ತದೆ.

3. ಬೆಳೆಸಾಲದ ಹಣ ಬಿತ್ತನೆಗೇ ಹೋಗಬೇಕು. ಮದುವೆಗೆ ಹೋದ ಬೆಳೆಸಾಲವನ್ನು ಹೊಲ ತಿರುಗಿ ಕೊಡುವುದಿಲ್ಲ. ಸಾಮೂಹಿಕ ವಿವಾಹದಲ್ಲಿ ಅಕ್ಷತೆ ಬಿದ್ದರೆ ಮನೆತನಕ್ಕೆ ಯಾವ ಕುಂದೂ ಇಲ್ಲ.

4. ಬರ ಘೋಷಣೆಯಾದ ವರ್ಷ ಬೆಳೆಸಾಲವನ್ನು ಕಂತಿನ ಸಾಲವಾಗಿ ಮಾರ್ಪಡಿಸಿ ಅವಧಿ ಮುಂದೂಡಲು ಅವಕಾಶವಿರುತ್ತದೆ. ಕೂಡಲೇ ಬ್ಯಾಂಕಿಗೆ ಅಥವಾ ಸಂಘಕ್ಕೆ ಲಿಖಿತ ಅರ್ಜಿ ಕೊಟ್ಟು ಪ್ರತಿ ಇಟ್ಟುಕೊಳ್ಳಿರಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು.

ರೊಕ್ಕದ ಖರ್ಚು ತಗ್ಗಿಸುವ ಬೇಸಾಯ

ಸಣ್ಣ ರೈತನಿಗೆ ಅತಿ ಹೆಚ್ಚು ಇಳುವರಿ ಕೊಡುವ ಪದ್ಧತಿಗಿಂತ, ಬೆಳೆ ಕೈಕೊಟ್ಟರೆ ಅತಿ ಕಡಿಮೆ ರೊಕ್ಕ ಕಳೆಯುವ ಪದ್ಧತಿ ಹೆಚ್ಚು ಸೂಕ್ತ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲಿಯೇ ಆರಂಭವಾಯಿತು. ಅಲ್ಲಿಂದ ಇಲ್ಲಿಯವರೆಗೆ ಗಟ್ಟಿಯಾಗಿ ನಿಂತ ಕ್ರಮಗಳಲ್ಲಿ ಹಲವು ರೊಕ್ಕಕ್ಕಿಂತ ಸಮಯಪಾಲನೆಯನ್ನೇ ಕೇಳುತ್ತವೆ.

ಚೌಕು ಮಡಿ: ಹಿಂಗಾರಿ ಹೊಲದಲ್ಲಿ ಜೂನ್-ಜುಲೈ ತಿಂಗಳಲ್ಲಿಯೇ ಮಡಿ ಕಟ್ಟಬೇಕು. ಇಳಿಜಾರು ಕಡಿಮೆಯಿದ್ದಲ್ಲಿ 6 ಮೀಟರ್ ಚೌಕ, ಹೆಚ್ಚಿದ್ದಲ್ಲಿ 3 ಮೀಟರ್ ಚೌಕ. ಬಿದ್ದ ಮಳೆ ಹಳ್ಳಕ್ಕೆ ಹರಿಯದೆ ಎರೆಮಣ್ಣಿನಲ್ಲಿ ಇಂಗುತ್ತದೆ. ಎತ್ತು ಮನೆಯವಿದ್ದರೆ ರೊಕ್ಕದ ಖರ್ಚು ಬಹಳ ಕಡಿಮೆ.

ಬೀಜ: ಮಾಲದಂಡಿ ಎಂದು ನೀವು ಕರೆಯುವ ಎಂ.35-1 ಜೋಳ ಸಂಕರಣ ತಳಿಯಲ್ಲ. ಒಳ್ಳೆಯ ತೆನೆಗಳನ್ನು ಆಯ್ದು ಬೀಜವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಹುದು. ಎಕರೆಗೆ 3 ಕಿ.ಗ್ರಾಂ ಸಾಕು. ಒಂದು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬೀಜವನ್ನು 8 ತಾಸು ನೆನೆಸಿ, ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಸಸಿಗಳು ಹಸಿ ಕೊರತೆಯನ್ನು ತಾಳುತ್ತವೆ.

ಎಡೆ: ಬಿತ್ತಿದ ಮೂರನೆಯ ವಾರದಿಂದ ಎರಡು ಮೂರು ಸಲ ಎಡೆಕುಂಟೆ ಹೊಡೆಯಿರಿ. ಕಳೆ ಸಾಯುವುದರ ಜೊತೆಗೆ ಎರೆಯ ಬಿರುಕು ಮುಚ್ಚಿ ಹಸಿ ಉಳಿಯುತ್ತದೆ.

ತೊಗರಿ: ಒಂದೇ ಹೊಲದಲ್ಲಿ ವರ್ಷ ವರ್ಷವೂ ತೊಗರಿ ಹಾಕಿದರೆ ನೆಟೆ ರೋಗ ಬಲಿಯುತ್ತದೆ. ಹೊಲ ಬದಲಿಸಿರಿ, ನೆಟೆ ತಾಳುವ ಟಿ.ಎಸ್.-3ಆರ್ ನಂಥ ತಳಿ ಬಳಸಿರಿ. ಎರಡು ಸಾಲು ಸಜ್ಜೆ, ಒಂದು ಸಾಲು ತೊಗರಿಯಂತೆ ಮಿಶ್ರ ಬೆಳೆ ಹಾಕಿದರೆ ತೊಗರಿ ಬರುವ ಮೊದಲೇ ಮನೆಗೆ ಕಾಳು ಬರುತ್ತದೆ. ತೊಗರಿ ಬೀಜದೊಡನೆ ಸ್ವಲ್ಪ ಜೋಳ ಬೆರೆಸಿ ಬಿತ್ತಿದರೆ ಕೀಡೆ ತಿನ್ನುವ ಹಕ್ಕಿಗಳು ಕೂಡ್ರಲು ಅನುಕೂಲ. ಗಿಡಕ್ಕೆ 2 ಮೊಟ್ಟೆ ಅಥವಾ 1 ಕೀಡೆ ಕಂಡಾಗ ಮಾತ್ರ ಔಷಧ ಹೊಡೆಯಬೇಕು. ನೆರೆಹೊಲದವನು ಹೊಡೆದನೆಂದು ಹೊಡೆಯುವ ಔಷಧ ಅಂಗಡಿಯ ಉದ್ರಿಯನ್ನು ಬೆಳೆಸುತ್ತದೆ.

ಮೇವು: ಒಂದು ಜೋಡಿ ಎತ್ತಿಗೆ ದಿನಕ್ಕೆ 12 ರಿಂದ 15 ಕಿ.ಗ್ರಾಂ ಒಣ ಮೇವು ಹಿಡಿದರೂ ವರ್ಷಕ್ಕೆ ಸುಮಾರು 5 ಟನ್ ಬೇಕು. ಒಳ್ಳೆಯ ವರ್ಷದ ಕಣಿಕೆಯನ್ನೆಲ್ಲ ಮಾರಬೇಡಿರಿ. ಬರದಲ್ಲಿ ಮೇವಿಲ್ಲದೆ ಮಾರಿದ ಎತ್ತನ್ನು ಮಳೆಯಾದ ಮೇಲೆ ಅದೇ ಬೆಲೆಗೆ ಕೊಳ್ಳಲಾಗದು. ಎತ್ತು ಸಾಕಲು ಆಗದವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆಯನ್ನು ವಿಚಾರಿಸಿ ಲೆಕ್ಕ ಹಾಕಿರಿ. ಕಂತಿನ ಮೇಲೆ ಸ್ವಂತ ಟ್ರ್ಯಾಕ್ಟರ್ ಐದು ಎಕರೆಗೆ ಹೊರೆ.

ಕೊಳವೆ ಬಾವಿ ಕೊರೆಯಿಸುವ ಮೊದಲು

ಮುಳವಾಡ ಏತ ನೀರಾವರಿಯ ನೀರು ಮುಟ್ಟದ ಹೊಲದವರಿಗೆ ಕೊಳವೆ ಬಾವಿಯ ಆಸೆ ಸಹಜ. ಆದರೆ ಒಣಬೇಸಾಯದ ಮನೆಗಳನ್ನು ಒಂದೇ ದಿನದಲ್ಲಿ ಸಾಲಕ್ಕೆ ನೂಕುವ ಕೆಲಸವೂ ಇದೇ. ನೀರು ಬೀಳದಿದ್ದರೆ ಹಣ ಹೋಯಿತು. ಬಿದ್ದರೂ ಡೋಣಿ ಸೀಮೆಯಲ್ಲಿ ಸವಳು ನೀರಿನ ಭಯವುಂಟು. ಅಂಥ ನೀರನ್ನು ಆಳವಾದ ಎರೆಗೆ ಹಾಯಿಸಿದರೆ ಕೆಲವೇ ವರ್ಷಗಳಲ್ಲಿ ಹೊಲವೇ ಸವಳಾಗುತ್ತದೆ. ಹತ್ತಿರದ ಬಾವಿಗಳ ನೀರನ್ನು ಮೊದಲು ಪರೀಕ್ಷೆ ಮಾಡಿಸಿರಿ. ಸಾಲ ಮಾಡಿ ಎರಡನೆಯ ಸಲ ಕೊರೆಯಿಸಬೇಡಿರಿ. ಅದರ ಬದಲು ಸಹಾಯಧನದಲ್ಲಿ ಕೃಷಿಹೊಂಡ ತೆಗೆಯಿಸಿದರೆ ಜೋಳಕ್ಕೆ, ಕಡಲೆಗೆ ಹೂ ಬಿಡುವ ಕಾಲದಲ್ಲಿ ಒಂದು ನೀರು ಕೊಡಬಹುದು.

ಮಾರುವ ಹೊತ್ತು

ತೊಗರಿಯ ಬೆಲೆ 2024ರಲ್ಲಿ ಕ್ವಿಂಟಲಿಗೆ 10,000 ರೂ. ಮೀರಿತ್ತು. 2025ರಲ್ಲಿ ಅದು 7,550 ರೂ. ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. 2025-26ಕ್ಕೆ ಕೇಂದ್ರ ಸರಕಾರ ತೊಗರಿಗೆ 8,000 ರೂ., ಮಾಲದಂಡಿ ಜೋಳಕ್ಕೆ 3,749 ರೂ. ಬೆಂಬಲ ಬೆಲೆ ಗೊತ್ತುಮಾಡಿತು. ಖರೀದಿ ಕೇಂದ್ರದಲ್ಲಿ ಮಾರಲು ಫ್ರೂಟ್ಸ್ ನೋಂದಣಿಯಿರಬೇಕು. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಬೆಳೆ ಸರಿಯಾಗಿ ದಾಖಲಾಗಿರಬೇಕು. ಇದನ್ನು ರಾಶಿಯಾದ ಮೇಲಲ್ಲ, ಬೆಳೆ ಹೊಲದಲ್ಲಿರುವಾಗಲೇ ನೋಡಿಕೊಳ್ಳಿರಿ.

ಅಡತಿ ಅಂಗಡಿಯಿಂದ ಮುಂಗಡ ತಂದವನು ತನ್ನ ಮಾಲನ್ನು ಅಲ್ಲಿಗೇ, ಅಂದಿನ ದರಕ್ಕೇ ಹಾಕಬೇಕಾಗುತ್ತದೆ. ಎಲ್ಲರೂ ಒಂದೇ ವಾರ ಮಾರಿದಾಗ ದರ ಕುಸಿಯುತ್ತದೆ. ಮಾನ್ಯತೆ ಪಡೆದ ಉಗ್ರಾಣದಲ್ಲಿ ಮಾಲು ಇಟ್ಟರೆ ಅದರ ರಶೀದಿಯ ಮೇಲೆ ಸಾಲ ಸಿಗುತ್ತದೆ, ಎ.ಪಿ.ಎಂ.ಸಿ.ಯ ಅಡಮಾನ ಸಾಲವನ್ನೂ ವಿಚಾರಿಸಿರಿ. ಅಷ್ಟು ಮಾಲು ಇಲ್ಲದವರು ಬೀಜಕ್ಕೂ ಮನೆಗೂ ಬೇಕಾದುದನ್ನು ಮೊದಲು ತೆಗೆದಿಟ್ಟು, ಉಳಿದುದನ್ನು ಎರಡು ಮೂರು ಕಂತಿನಲ್ಲಿ ಮಾರಬೇಕು.

ಬೆಳೆ ವಿಮೆ

2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತನ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ವಿಮಾ ಮೊತ್ತ 20,000 ರೂ. ಇದ್ದರೆ ಮುಂಗಾರಿಗೆ 400 ರೂ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ ಕುಸಿದಾಗ ಪರಿಹಾರ ಬರುತ್ತದೆ. ನಿಮ್ಮೊಬ್ಬರ ಹೊಲ ಒಣಗಿದರೆ ಬರುವುದಿಲ್ಲ. ಆಲಿಕಲ್ಲಿನಂಥ ಸ್ಥಳೀಯ ಹಾನಿಯಾದರೆ 72 ತಾಸಿನೊಳಗೆ ತಿಳಿಸಬೇಕು. 2020ರ ಮುಂಗಾರಿನಿಂದ ಸಾಲಗಾರರಿಗೂ ವಿಮೆ ಐಚ್ಛಿಕವಾಗಿದೆ. ಬ್ಯಾಂಕಿನವರು ತುಂಬಿರಬಹುದೆಂದು ಸುಮ್ಮನಿರದೆ ಕೇಳಿ ಖಾತ್ರಿ ಮಾಡಿಕೊಳ್ಳಿರಿ. ಪಿ.ಎಂ. ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯಲ್ಲಿ ವಿಮೆಯ ಕಂತನ್ನು ಮೊದಲು ತೆಗೆದಿಡುವುದು ಒಳ್ಳೆಯದು.

ಸಾಲವನ್ನು ಮನೆಯವರಿಂದ ಮುಚ್ಚಿಡಬೇಡಿರಿ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಎಷ್ಟೋ ಮನೆಗಳಲ್ಲಿ ಸಾಲ ಎಷ್ಟಿದೆಯೆಂಬುದು ಯಜಮಾನನೊಬ್ಬನಿಗೇ ಗೊತ್ತು. ಹೆಂಡತಿಗೆ, ಬೆಳೆದ ಮಕ್ಕಳಿಗೆ ತಿಳಿಯುವುದು ಸಾಲಗಾರರು ಬಾಗಿಲಿಗೆ ಬಂದಾಗ. ಒಬ್ಬನೇ ಹೊತ್ತ ಸಾಲ ಮನುಷ್ಯನನ್ನೇ ತಿನ್ನುತ್ತದೆ. ನಾಲ್ಕು ಜನ ಕೂತು ಎಣಿಸಿದರೆ ಅದೇ ಸಾಲ ಒಂದು ಅಂಕಿಯಾಗುತ್ತದೆ. ಅಂಕಿಗೆ ಉಪಾಯ ಹುಡುಕಬಹುದು. ಮಗ ಎರಡು ವರ್ಷ ಪುಣೆಗೋ ಗೋವೆಗೋ ದುಡಿಯಲು ಹೋಗುವುದು, ಎರಡು ಎಕರೆಯನ್ನು ಲಾವಣಿಗೆ ಕೊಡುವುದು, ಒಂದು ಎಮ್ಮೆ ಕಟ್ಟುವುದು ಇವೆಲ್ಲ ಮನೆಯವರೆಲ್ಲರೂ ಕೂಡಿ ಮಾಡುವ ತೀರ್ಮಾನಗಳು. ಹೊಲದ ಒಂದು ಭಾಗವನ್ನು ಮಾರಿ ಬಡ್ಡಿಯ ಸಾಲ ಹರಿಯಬೇಕಾಗಿ ಬಂದರೂ ಅದು ಸೋಲಲ್ಲ. ಉಳಿದ ಹೊಲವನ್ನು ಕಾಯುವ ದಾರಿ. ಸಾಲಕ್ಕೆ ಅಂಜಿ ಜೀವಕ್ಕೆ ಎರವಾದರೆ ಸಾಲವೂ ಹೊಲವೂ ಹೆಂಡತಿಯ ತಲೆಯ ಮೇಲೆಯೇ ಬೀಳುತ್ತವೆ. ಮಿತಿಮೀರಿದ ಬಡ್ಡಿಯನ್ನು 2004ರ ರಾಜ್ಯ ಕಾಯಿದೆ ನಿಷೇಧಿಸಿದೆ. ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ 2025ರಲ್ಲಿ ಬೇರೆ ಕಾಯಿದೆಯೇ ಬಂದಿದೆ. ಯಾರಾದರೂ ಬೆದರಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಲು ಸಂಕೋಚ ಬೇಡ.

ಮಕ್ಕಳ ಒಂದು ಹಳೆಯ ನೋಟುಬುಕ್ಕು ಇದಕ್ಕೆಲ್ಲ ಸಾಕು. ಒಂದು ಪುಟದಲ್ಲಿ ಹೊಲದ ಖರ್ಚು, ಇನ್ನೊಂದರಲ್ಲಿ ಮನೆಯ ಖರ್ಚು, ಮೂರನೆಯದರಲ್ಲಿ ಸಾಲ ಕೊಟ್ಟವರ ಹೆಸರು, ಅಸಲು, ಬಡ್ಡಿ, ಗಡುವು. ಶಾಲೆ ಕಲಿತ ಮಗಳೋ ಸೊಸೆಯೋ ಅದನ್ನು ಬರೆಯಲಿ. ಬಿತ್ತನೆಗೆ ಮೊದಲು ಒಮ್ಮೆ, ರಾಶಿಯಾದ ಮೇಲೆ ಒಮ್ಮೆ ಮನೆಯವರೆಲ್ಲರೂ ಕೂಡಿ ಓದಿರಿ. ಲೆಕ್ಕದಲ್ಲಿ ತಿಳಿಯದ ಭಾಗವಿದ್ದರೆ ಆ ಪುಸ್ತಕವನ್ನೇ ಹಿಡಿದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿರಿ. ಎಷ್ಟು ಮಳೆಯಾದೀತೆಂದು ಯಾರೂ ಹೇಳಲಾರರು. ಮಳೆಯಾಗದಿದ್ದರೆ ನಿಮ್ಮ ಮನೆ ಎಷ್ಟು ತಿಂಗಳು ನಿಂತೀತೆಂಬುದನ್ನು ಆ ಮೂರು ಪುಟಗಳು ಹೇಳುತ್ತವೆ.