ಹಲವು ಕೆಲಸ, ಒಂದೇ ಹೊಣೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ರೈತನಿಗೆ ರೇಷ್ಮೆ ಸಾಕಣೆ ಎಂಬುದು ಒಂದೇ ಕೆಲಸವಲ್ಲ. ಮೊಟ್ಟೆ ಒಡೆಯುವ ವೇಳೆಗೆ ಎಳೆಯ ಸೊಪ್ಪು ಸಿದ್ಧವಿರಬೇಕು. ಹುಳುಗಳು ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವ ಹೊತ್ತಿಗೆ ಚಂದ್ರಿಕೆಯೂ ಆಳುಗಳೂ ಒದಗಬೇಕು. ಗೂಡು ಬಿಡಿಸಿದ ಮೇಲೆ ತಡಮಾಡದೆ ಮಾರುಕಟ್ಟೆಗೆ ಸಾಗಿಸಬೇಕು. ಪತಂಗ ಗೂಡನ್ನು ತೂತುಮಾಡಿ ಹೊರಬಂದರೆ ಎಳೆ ತುಂಡಾಗಿ ಬೆಲೆ ಕುಸಿಯುತ್ತದೆ. ಒಂದೊಂದು ಕೆಲಸವೂ ಚೆನ್ನಾಗಿ ನಡೆದರಷ್ಟೇ ಸಾಲದು. ಒಂದು ಮತ್ತೊಂದಕ್ಕೆ ಹೊಂದಿಕೊಂಡು ನಡೆಯಬೇಕು.

ದೊಡ್ಡ ಉದ್ಯಮಗಳಲ್ಲಿ ಇಂತಹ ಹೊಣೆಯನ್ನು ಹೊತ್ತವನಿಗೆ ‘ಪ್ರೋಗ್ರಾಂ ಮ್ಯಾನೇಜರ್’ ಎಂದು ಹೆಸರು. ಕಟ್ಟಡ ಕಟ್ಟುವುದು, ಯಂತ್ರ ಕೂರಿಸುವುದು, ಬಿಡಿಭಾಗ ತರಿಸುವುದು ಇವೆಲ್ಲ ಬೇರೆ ಬೇರೆ ಯೋಜನೆಗಳು. ಅವನ್ನೆಲ್ಲ ಒಂದೇ ಗುರಿಯತ್ತ ನಡೆಸುವುದು ಅವನ ಕರ್ತವ್ಯ. ಈ ವಿದ್ಯೆಯನ್ನು ಕಲಿಸುವುದು ಹೇಗೆ?

ಹಲವು ದೇಶಗಳ ಗಾಡಿ

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಾಮನಗರಕ್ಕೆ ಸಮೀಪದ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ‘ಕ್ವಾಲಿಸ್’ ಗಾಡಿಗಳ ತಯಾರಿಕೆಯನ್ನು ಆರಂಭಿಸಿತು. 2005ರಲ್ಲಿ ಅದರ ಸ್ಥಾನಕ್ಕೆ ‘ಇನ್ನೋವಾ’ ಬಂದಿತು. ಅದು ಥಾಯ್ಲೆಂಡ್, ಇಂಡೋನೇಷ್ಯಾ, ದಕ್ಷಿಣ ಆಫ್ರಿಕಾ ಮತ್ತು ಅರ್ಜೆಂಟೀನಾಗಳನ್ನು ಕೂಡಿಸಿಕೊಂಡು ಹಮ್ಮಿಕೊಂಡ ವಿಶಾಲ ಕಾರ್ಯಕ್ರಮವೊಂದರ ಭಾಗ. ಡೀಸೆಲ್ ಎಂಜಿನು ಒಂದು ದೇಶದಲ್ಲಿ, ಪೆಟ್ರೋಲ್ ಎಂಜಿನು ಇನ್ನೊಂದರಲ್ಲಿ ತಯಾರಾದರೆ, ಗೇರ್‌ಬಾಕ್ಸುಗಳು ಫಿಲಿಪ್ಪೀನ್ಸ್‌ನಲ್ಲಿಯೂ ನಮ್ಮ ಬಿಡದಿಯಲ್ಲಿಯೂ ತಯಾರಾಗಿ ಕಡಲು ದಾಟಿದವು. ಇವುಗಳಲ್ಲಿ ಒಂದು ತಡವಾದರೂ ಉಳಿದವುಗಳಿಗೆ ಅಡಚಣೆ.

ಇಂತಹ ಮುಖ್ಯಸ್ಥನಿಗೆ ಜಪಾನಿನಲ್ಲಿ ‘ಶುಸಾ’ ಎಂಬ ಹೆಸರಿತ್ತು. 1955ರಲ್ಲಿ ಹೊರಬಂದ ‘ಕ್ರೌನ್’ ಗಾಡಿಗೆ ಶುಸಾ ಆಗಿದ್ದವರು ಕೆನ್ಯಾ ನಾಕಾಮುರಾ. ಗಾಡಿಯ ಹೊಣೆಯೆಲ್ಲ ಶುಸಾನದೇ ಆದರೂ ವಿವಿಧ ಇಲಾಖೆಗಳ ನೌಕರರ ಮೇಲೆ ಅವನಿಗೆ ನೇರ ಅಧಿಕಾರವಿರಲಿಲ್ಲ. ಅಪ್ಪಣೆಯಿಂದಲ್ಲ, ತಿಳಿವಳಿಕೆಯಿಂದಲೂ ಮನವೊಲಿಕೆಯಿಂದಲೂ ಅವನು ಕೆಲಸ ಸಾಧಿಸಬೇಕಾಗಿತ್ತು.

ಸೀಮೆಸುಣ್ಣದ ವೃತ್ತ

ತರಬೇತಿನ ರೀತಿಯೂ ಸ್ವಾರಸ್ಯವಾದುದೇ. ಟೊಯೊಟಾ ಉತ್ಪಾದನಾ ಪದ್ಧತಿಯ ಪ್ರಮುಖ ಶಿಲ್ಪಿ ತಾಯಿಚಿ ಓಹ್ನೋ (1912–1990) ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತವೊಂದನ್ನು ಎಳೆದು, ಅಧಿಕಾರಿಯನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರೆಂದು ಪ್ರತೀತಿ. ಅವನು ಮಾಡಬೇಕಾದುದು ಒಂದೇ: ಕಣ್ಣೆದುರಿನ ಕೆಲಸವನ್ನು ನೋಡುವುದು. ಮೇಜಿನ ಮೇಲಿನ ವರದಿಯಲ್ಲಿ ಕಾಣದ ವ್ಯರ್ಥ ಓಡಾಟ, ಕಾಯುವಿಕೆ, ಆಯಾಸ ಎಲ್ಲವೂ ಅಲ್ಲಿ ಗೋಚರವಾಗುತ್ತಿದ್ದವು.

ಈ ಅನುಭವವನ್ನು 2001ರಲ್ಲಿ ಸಂಸ್ಥೆಯು ಲಿಖಿತ ಸೂತ್ರವಾಗಿಸಿತು. ಮರುವರ್ಷ ಅಧಿಕಾರಿಗಳ ಶಿಕ್ಷಣಕ್ಕೆ ಜಪಾನಿನಲ್ಲಿ ಪ್ರತ್ಯೇಕ ಸಂಸ್ಥೆಯನ್ನೇ ತೆರೆಯಿತು. ಆ ಸೂತ್ರಕ್ಕೆ ಆಧಾರಸ್ತಂಭಗಳು ಎರಡು. ನಿರಂತರ ಸುಧಾರಣೆ ಮೊದಲನೆಯದು. ಮನುಷ್ಯರಿಗೆ ಗೌರವ ಎರಡನೆಯದು. ಬಿಡದಿಯಲ್ಲಿಯೂ 2007ರಲ್ಲಿ ತಾಂತ್ರಿಕ ತರಬೇತಿ ಶಾಲೆಯೊಂದು ಆರಂಭವಾಗಿ, ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ಮೂರು ವರ್ಷಗಳ ಶಿಕ್ಷಣ ನೀಡತೊಡಗಿತು.

ಎರಡನೆಯ ಸ್ತಂಭ

ಎರಡನೆಯ ಸ್ತಂಭವನ್ನು ನಿಲ್ಲಿಸುವುದೇ ಕಠಿಣವೆಂಬುದನ್ನು ಬಿಡದಿಯ ಇತಿಹಾಸವೇ ಹೇಳುತ್ತದೆ. 2006, 2014 ಮತ್ತು 2020ರಲ್ಲಿ ಆಡಳಿತಕ್ಕೂ ಕಾರ್ಮಿಕರಿಗೂ ವಿರಸವುಂಟಾಗಿ ಲಾಕೌಟ್ ಘೋಷಣೆಯಾಯಿತು. ಒಮ್ಮೆ ಕೆಲಸದಿಂದ ತೆಗೆದ ಪ್ರಶ್ನೆ, ಒಮ್ಮೆ ವೇತನ, ಮತ್ತೊಮ್ಮೆ ಅಮಾನತು ಹಾಗೂ ಕೆಲಸದ ಹೊರೆ. ಕೊನೆಯ ಬಿಕ್ಕಟ್ಟು 2021ಕ್ಕೂ ಮುಂದುವರಿಯಿತು. ತಪ್ಪು ಯಾರದೆಂಬುದರಲ್ಲಿ ಎರಡು ಪಕ್ಷಗಳಿಗೂ ತಮ್ಮ ತಮ್ಮ ವಾದವಿದ್ದಿತು. ತಿಂಗಳ ಸಂಬಳವನ್ನೇ ನೆಚ್ಚಿದ ಸಂಸಾರಗಳಿಗೆ ಮಾತ್ರ ಕಷ್ಟ ತಪ್ಪಲಿಲ್ಲ.

ಈ ಪದ್ಧತಿಯಲ್ಲಿ ದೋಷ ಕಂಡ ಕಾರ್ಮಿಕನು ಹಗ್ಗವೊಂದನ್ನು ಎಳೆದು ತಯಾರಿಕೆಯ ಸಾಲನ್ನೇ ನಿಲ್ಲಿಸಬಹುದು. ಮೇಲಿನವನು ಕೂಡಲೇ ಬಂದು ವಿಚಾರಿಸಬೇಕು. ಗಾಡಿಯ ದೋಷಕ್ಕೆ ದೊರೆಯುವ ಈ ಗಮನ, ಗಾಡಿಯನ್ನು ಮಾಡುವವನ ಅಳಲಿಗೂ ಅಷ್ಟೇ ಬೇಗ ದೊರೆಯಬೇಕು. ಹಲವು ಕೆಲಸಗಳನ್ನು ಹೊಂದಿಸುವ ವಿದ್ಯೆಯನ್ನು ತರಗತಿಯಲ್ಲಿ ಕಲಿಸಬಹುದು. ಕೆಲಸ ಮಾಡುವವರ ಬಳಿಗೆ ಹೋಗಿ, ನಿಂತು, ಕೇಳುವ ಅಭ್ಯಾಸವನ್ನು ಮ್ಯಾನೇಜರನು ದಿನದಿನವೂ ಕಲಿಯುತ್ತಲೇ ಇರಬೇಕಾಗುತ್ತದೆ.